ಡಾಲ್ಡಾ ಡಬ್ಬಿಯಲ್ಲಿಯ ಚಿಲ್ಲರೆ



ಈ ಸಲ ಸಾಧನಕೇರಿಯ ಮಳೆಗಾಲದ ಬಗ್ಗೆ ಬರೆಯಬೇಕೆಂದು ಕುಳಿತಿದ್ದೆ. ಅಷ್ಟರಲ್ಲಿ ಒಂದು ರವಿವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೈಚೀಲದಲ್ಲಿ ಡಾಲ್ಡಾ ಡಬ್ಬಿಯೊಂದನ್ನು ಇಟ್ಟುಕೊಂಡು ಮನೆಗೆ ಬಂದನು. ಮಳೆಗಾಲ ಮುಂದಿನ ಸಲಕ್ಕಿರಲಿ.

ಅವನ ಹೆಸರು ಬೇಡ. 1987-88ರಲ್ಲಿ ಒಂಬತ್ತನೆಯ ತರಗತಿಯಲ್ಲಿ ಎರಡನೆಯ ಸಾಲಿನಲ್ಲಿ ಕೂಡುತ್ತಿದ್ದವನು ಎಂದಷ್ಟೇ ಹೇಳುತ್ತೇನೆ. ಜೊತೆಯವರು ಗುರುತಿಸಿದರೂ ಸುಮ್ಮನಿರಬೇಕಾಗಿ ವಿನಂತಿ. ಹಳೇ ಹುಬ್ಬಳ್ಳಿಯಲ್ಲಿ ಸಣ್ಣದೊಂದು ಹಿಟ್ಟಿನ ಗಿರಣಿ ಅವನ ಜೀವನಾಧಾರ. ಮಗಳಿಗೆ ಬಿ.ಎಡ್. ಪ್ರವೇಶ ಸಿಕ್ಕಿದೆ, ಫೀ ತುಂಬುವ ದಿನ ಹತ್ತಿರ ಬಂದಿದೆ.

"ಸರ, ಇದನ್ನ ಮಾರಬೇಕಂತ ಮಾಡೇನ್ರಿ. ನೀವ ನೋಡಿ ಒಂದ್ ರೇಟ್ ಹೇಳ್ರಿ" ಎಂದನು.

"ಏನಪಾ ಅದು?"

"ಕೂಡಿಸಿ ಇಡ್ರೋ ಅಂತ ನೀವ ಹೇಳಿದ್ರಲ್ರಿ ಸರ, ಅದ ರೊಕ್ಕರಿ."

ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು, ಹೊಳೆಯದಿದ್ದರೇ ಚೆನ್ನಾಗಿತ್ತು. ಆ ವರ್ಷ ಕಲ್ಯಾಣ ಚಾಲುಕ್ಯರ ಪಾಠ ಮಾಡುವಾಗ ನಮ್ಮ ನೆರೆಯ ಲಕ್ಕುಂಡಿಯ ವಿಷಯ ಬಂದಿತ್ತು. ಅಂದಿನ ಲೊಕ್ಕಿಗುಂಡಿಯಲ್ಲಿ ಟಂಕಸಾಲೆಯಿತ್ತು, ಅಲ್ಲಿ ಅಚ್ಚಾದ ಚಿನ್ನದ ನಾಣ್ಯವನ್ನು ಲೊಕ್ಕಿ ಗದ್ಯಾಣವೆಂದು ಕರೆಯುತ್ತಿದ್ದರು ಎಂದು ಹೇಳಿದೆ. ಅಷ್ಟಕ್ಕೇ ನಿಲ್ಲದೆ ಧಾರವಾಡಕ್ಕೂ ಬಂದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಇಲ್ಲಿಯೂ ಟಂಕಸಾಲೆಯಿತ್ತು, ನಾಣ್ಯದ ಮೇಲೆ ಊರಿನ ಹೆಸರನ್ನು ಖುರ್ಷೀದ್ ಸವಾದ್ ಎಂದು ಒತ್ತುತ್ತಿದ್ದರು ಎಂದೆ. ಹುಡುಗರು ಕಣ್ಣರಳಿಸಿ ಕೇಳುತ್ತಿದ್ದರು. ತರುಣ ಶಿಕ್ಷಕನಿಗೆ ಅದಕ್ಕಿಂತ ದೊಡ್ಡ ಅಮಲು ಬೇರೆ ಯಾವುದಿದೆ? ಜೇಬಿನಿಂದ ಆರು ಮೂಲೆಯ ಮೂರು ಪೈಸೆಯ ನಾಣ್ಯವೊಂದನ್ನು ತೆಗೆದು, "ಇದನ್ನು ಕೂಡಿಸಿ ಇಡಿರಿ, ನಲವತ್ತು ವರ್ಷ ಹೋಗಲಿ, ಇದೂ ಗದ್ಯಾಣವೇ" ಎಂದುಬಿಟ್ಟೆ.

ತರಗತಿಯಲ್ಲಿ ನಲವತ್ತೈದು ಮಕ್ಕಳಿದ್ದರು. ಒಬ್ಬನಾದರೂ ನಂಬಿದ್ದನು.

ಡಬ್ಬಿಯನ್ನು ಬಿಚ್ಚುವ ಮೊದಲು ಅವನು ಮೊಬೈಲ್ ತೆಗೆದು ತೋರಿಸಿದನು. ಹಳೆಯ ನಾಣ್ಯಗಳಿಗೆ ಲಕ್ಷಗಟ್ಟಲೆ ಕೊಡುತ್ತೇವೆ ಎಂಬ ಜಾಹೀರಾತನ್ನು ನೋಡಿ ಫೋಟೋ ಕಳಿಸಿದ್ದಾನೆ. ಅರ್ಧ ಗಂಟೆಯಲ್ಲಿ ಕರೆ ಬಂದಿದೆ. ನಾಲ್ಕೂವರೆ ಲಕ್ಷ ರೂಪಾಯಿಗೆ ವ್ಯವಹಾರ ಕುದುರಿದೆ, ರಿಸರ್ವ್ ಬ್ಯಾಂಕಿನ ಲಾಂಛನವಿರುವ ಪ್ರಮಾಣಪತ್ರವೂ ಬಂದಿದೆ. ನೋಂದಣಿಗೆಂದು 1,850 ರೂಪಾಯಿಯನ್ನು ಅವನು ಆಗಲೇ ಕಳಿಸಿಯಾಗಿತ್ತು. ಈಗ ತೆರಿಗೆ ಮತ್ತು ವಿಮೆಗೆಂದು 12,400 ಕೇಳುತ್ತಿದ್ದಾರೆ, ಸೋಮವಾರದೊಳಗೆ ಕೊಡಬೇಕಂತೆ. ಅದನ್ನು ಕಳಿಸುವ ಮೊದಲು ಮಾಸ್ತರರನ್ನು ಒಂದು ಮಾತು ಕೇಳೋಣವೆಂದು ಬಂದಿದ್ದನು. ಆ ಒಂದು ಬುದ್ಧಿ ಅವನಿಗೆ ಬಂದದ್ದು ದೈವಕೃಪೆ.

ರಿಸರ್ವ್ ಬ್ಯಾಂಕು 2021ರ ಆಗಸ್ಟ್ ತಿಂಗಳಿನಲ್ಲಿಯೇ ಈ ಕುರಿತು ಸಾರ್ವಜನಿಕರಿಗೆ ಎಚ್ಚರಿಕೆ ನೀಡಿದೆ. ಹಳೆಯ ನೋಟು ಮತ್ತು ನಾಣ್ಯಗಳ ಖರೀದಿ-ಮಾರಾಟದಲ್ಲಿ ತಾನು ತೊಡಗುವುದಿಲ್ಲ, ಅದಕ್ಕಾಗಿ ಶುಲ್ಕವನ್ನಾಗಲಿ ಕಮಿಷನ್ ಆಗಲಿ ಯಾರಿಂದಲೂ ಕೇಳುವುದಿಲ್ಲ, ತನ್ನ ಪರವಾಗಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿದೆ. ಅದನ್ನು ಅವನಿಗೆ ಓದಿ ಹೇಳಿದೆ. 1930 ಎಂಬ ಸಹಾಯವಾಣಿಗೆ ಕರೆ ಮಾಡಿಸಿ ದೂರನ್ನೂ ಕೊಡಿಸಿದೆ. ಹೋದ ಹಣ ಈ ಲೇಖನ ಬರೆಯುವವರೆಗೆ ಬಂದಿಲ್ಲ. ಇಷ್ಟು ಮಾತ್ರ ನೆನಪಿಡಿರಿ: ಮಾರುವವನ ಕಡೆಯಿಂದ ಮೊದಲು ಹಣ ಕೇಳುವ ಕೊಳ್ಳುವವನು ಲೋಕದಲ್ಲಿ ಎಲ್ಲಿಯೂ ಇಲ್ಲ. ನಮ್ಮ ದುರ್ಗದಬೈಲಿನಲ್ಲಿ ಬದನೆಕಾಯಿ ಮಾರುವ ಅವ್ವನಿಗೆ, "ನಿನ್ನ ಬದನೆಕಾಯಿ ಕೊಳ್ಳುತ್ತೇನೆ, ಮೊದಲು ನನಗೆ ಇಪ್ಪತ್ತು ರೂಪಾಯಿ ಕೊಡು" ಎಂದು ನೋಡಿರಿ, ಏನನ್ನುತ್ತಾಳೆ!

ಆದರೆ ಕಳ್ಳರನ್ನು ಬೈಯುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ಆ ಕಳ್ಳನ ಮಾತಿಗೆ ನೆಲ ಹದ ಮಾಡಿದವರು ಯಾರು? "ಹಳೆಯದೆಲ್ಲ ಅಮೂಲ್ಯ" ಎಂದು ತರಗತಿಯಲ್ಲಿ ಹೇಳಿದವನು ನಾನು. ಅದರ ಮೇಲೆ ಅವನು ಬಿತ್ತಿದನು, ಅಷ್ಟೆ.

ವರ್ತಮಾನಪತ್ರಿಕೆ ಹಾಸಿ ಡಬ್ಬಿಯನ್ನು ಸುರುವಿದೆವು. ಎಣಿಸಿದರೆ 648 ನಾಣ್ಯಗಳು. ವಿಂಗಡಿಸಿ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು, ನಮ್ಮ ಮನೆಯವರು ಎರಡು ಸಲ ಚಹಾ, ಒಂದು ಸಲ ಒಗ್ಗರಣೆ ಅವಲಕ್ಕಿ ಕೊಟ್ಟರು. ನನ್ನ ವಯಸ್ಸಿನವರಿಗೆ ಆ ರಾಶಿಯಲ್ಲಿ ಬಾಲ್ಯವೇ ಬಿದ್ದಿತ್ತು. ಚೌಕನೆಯ ಒಂದು ಪೈಸೆ, ಅಲೆಯಂಚಿನ ಎರಡು ಪೈಸೆ, 1964ರಲ್ಲಿ ಬಂದ ಮೂರು ಪೈಸೆ, ಐದು, ಹತ್ತು, ಅಲ್ಯೂಮಿನಿಯಮ್ಮಿನ ಇಪ್ಪತ್ತು. ಘೇಂಡಾಮೃಗದ ಚಾರಾಣೆ. ಅವನ ಅಜ್ಜಿಯ ಗಂಟಿನಿಂದ ಬಂದ ಹನ್ನೊಂದು ತೂತಿನ ದುಡ್ಡು. ಎರಡನೆಯ ಮಹಾಯುದ್ಧದಲ್ಲಿ ಲೋಹ ಉಳಿಸಲೆಂದು 1943ರಿಂದ ನಡುವೆ ತೂತು ಬಿಟ್ಟು ಅಚ್ಚು ಹಾಕಿದವು. 1964ರ ನೆಹರೂ ರೂಪಾಯಿ ಒಂದು, ಸ್ವತಂತ್ರ ಭಾರತದ ಮೊದಲ ಸ್ಮಾರಕ ನಾಣ್ಯವದು. ಬಸವೇಶ್ವರರ ಚಿತ್ರವಿರುವ 2006ರ ಐದು ರೂಪಾಯಿ ಎರಡು. ಜಾಹೀರಾತುಗಳಲ್ಲಿ ಹತ್ತು ಲಕ್ಷ ಬಾಳುವ, ವೈಷ್ಣೋದೇವಿಯ ಚಿತ್ರವಿರುವ 2012ರ ಐದು ರೂಪಾಯಿ ನಾಲ್ಕು. ಕಿರಾಣಿ ಅಂಗಡಿಯವನು ಚಿಲ್ಲರೆಯೆಂದು ಕೊಟ್ಟಾಗ ಅವುಗಳ ಬೆಲೆ ಎಷ್ಟಿತ್ತೋ ಇಂದೂ ಹೆಚ್ಚುಕಡಿಮೆ ಅಷ್ಟೇ ಇದೆ.

ಎಲ್ಲಕ್ಕಿಂತ ಕೆಳಗೆ ಬಟ್ಟೆಯಲ್ಲಿ ಸುತ್ತಿದ ರಾಣಿ ಛಾಪಿನ ಬೆಳ್ಳಿ ರೂಪಾಯಿ, 1862ನೆಯ ಇಸವಿಯದು. "ಇದರ ಮ್ಯಾಲ ಭಾಳ ಆಸೆ ಐತ್ರಿ ಸರ" ಎಂದನು. ನೂರಾ ಅರವತ್ತು ವರ್ಷ ದಾಟಿದ ನಾಣ್ಯ, ಆಸೆ ಸಹಜ. ಆದರೆ 1862ರಿಂದ 1874ರವರೆಗೆ ಅಚ್ಚಾದ ರೂಪಾಯಿಗಳ ಮೇಲೆಲ್ಲ 1862 ಎಂಬ ಒಂದೇ ಇಸವಿಯಿದೆ. ಹನ್ನೆರಡು-ಹದಿಮೂರು ವರ್ಷಗಳ ಬೆಳೆ ಒಂದೇ ಕಣಜದಲ್ಲಿ! ಆದ್ದರಿಂದ ಅದು ಹಳೆಯದು ಹೌದು, ಅಪರೂಪವಲ್ಲ. ಜಾರ್ಜ್ ದೊರೆಯ 1939ರ ರೂಪಾಯಿ ಅದಕ್ಕಿಂತ ಎಷ್ಟೋ ಕಿರಿಯ, ಆದರೆ ನಿಜವಾಗಿ ದುರ್ಲಭ. ಹಾಗೆಂದೇ ಅದರ ಖೋಟಾ ನಾಣ್ಯಗಳು ಪೇಟೆಯಲ್ಲಿ ಓಡಾಡುತ್ತವೆ. ವಯಸ್ಸು ಬೇರೆ, ವಿರಳತೆ ಬೇರೆ ಎಂಬ ಈ ಒಂದು ಮಾತನ್ನು 1987ರಲ್ಲಿ ಹೇಳಿದ್ದರೆ ಸಾಕಿತ್ತು. ಆಗ ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗಟ್ಟಿ ಧ್ವನಿಯಲ್ಲಿ ಹೇಳುವ ರೋಗ ನಮ್ಮ ವೃತ್ತಿಯದು.

ಆ ರೂಪಾಯಿಯಲ್ಲಿ ಹತ್ತೂವರೆ ಗ್ರಾಮಿಗಿಂತ ಸ್ವಲ್ಪ ಹೆಚ್ಚು ಶುದ್ಧ ಬೆಳ್ಳಿಯಿದೆ. ಅಂದಿನ ಬೆಳ್ಳಿಯ ದರವನ್ನು ಪತ್ರಿಕೆಯಲ್ಲಿ ನೋಡಿ, ಅದಕ್ಕಿಂತ ಕಡಿಮೆಗೆ ಯಾರಿಗೂ ಕೊಡಬೇಡ ಎಂದೆ. ಅವನು ಅದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡನು, ತಾಯಿಯ ಲಕ್ಷ್ಮೀಪೂಜೆಯದಂತೆ. (ಪರದೇಶದಲ್ಲಿರುವ ನಮ್ಮ ಬಂಧುಗಳಿಗೆ ಇಲ್ಲಿಯೇ ಒಂದು ಮಾತು. ಬರುವಾಗ-ಹೋಗುವಾಗ ಅಜ್ಜಿಯ ನೆನಪಿಗೆಂದು ಇಂಥ ರೂಪಾಯಿಗಳನ್ನು ಪೆಟ್ಟಿಗೆಯಲ್ಲಿ ಹಾಕಿಕೊಳ್ಳಬೇಡಿರಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾವಸ್ತು, ಖಾಸಗಿಯವರು ಅದನ್ನು ದೇಶದಾಚೆ ಒಯ್ಯುವಂತಿಲ್ಲ.)

ಉಳಿದದ್ದಕ್ಕೆ ಬೆಲೆ ಏಕಿಲ್ಲ ಎಂಬುದನ್ನು ಅವನಿಗೆ ತಿಳಿಹೇಳುವುದು ಕಷ್ಟವಾಯಿತು. ಈ ನಾಣ್ಯಗಳು ಕೋಟಿಗಟ್ಟಲೆ ಅಚ್ಚಾದವು. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವುಗಳ ಚಲಾವಣೆ 2011ರ ಜೂನ್ 30ರಂದು ನಿಂತಿತು. ಚಲಾವಣೆ ನಿಂತದ್ದು ಇನ್ನು ಸಿಕ್ಕುವುದಿಲ್ಲ, ಆದ್ದರಿಂದ ಬೆಲೆ ಏರುತ್ತದೆ ಎಂದು ಜನ ಲೆಕ್ಕ ಹಾಕಿದರು. ಆ ಲೆಕ್ಕವನ್ನು ಎಲ್ಲರೂ ಹಾಕಿದ್ದೇ ತೊಡಕು. ಮೂರು ಪೈಸೆಗಾಗಿ ಬ್ಯಾಂಕಿಗೆ ಹೋದವರು ಎಷ್ಟು ಜನ? ಮನೆಮನೆಯಲ್ಲಿಯೂ ಒಂದು ಡಾಲ್ಡಾ ಡಬ್ಬಿ ಉಳಿಯಿತು. ನಾಣ್ಯ ಕೂಡಿಸುವವರು ಇರುವುದು ಊರಿಗೆ ನಾಲ್ಕು ಮಂದಿ, ಅವರಿಗೂ ಬೇಕಾದದ್ದು ಅಚ್ಚಿನಿಂದ ಬಿದ್ದ ಹೊಳಪಿನಲ್ಲಿಯೇ ಉಳಿದದ್ದು. ಕೈಯಿಂದ ಕೈಗೆ ತಿರುಗಿ ಸಿಂಹಗಳ ಮುಖ ಸವೆದದ್ದು ಯಾರಿಗೂ ಬೇಡ. ಹುಬ್ಬಳ್ಳಿಯಲ್ಲಿ ನಾನು ಬಲ್ಲ ನಾಣ್ಯ ವ್ಯಾಪಾರಿಯೊಬ್ಬರಿದ್ದಾರೆ, ನೇರ ಮಾತಿನವರು. ಫೋನಿನಲ್ಲಿ ವಿಚಾರಿಸಿದಾಗ, "ಇವನ್ನ ನಾ ಕಿಲೋ ಲೆಕ್ಕದಾಗ ತಗೋತೀನ್ರಿ ಸರ, ಬಿಡಿಬಿಡಿ ನೋಡಕೋತ ಕುಂತರ ನನ್ನ ಅಂಗಡಿ ನಡೆಯೂದಿಲ್ಲ" ಎಂದರು. ಮೂರು ಪೈಸೆಯ ತೂಕ ಸುಮಾರು ಒಂದೂಕಾಲು ಗ್ರಾಮ್. ಕಿಲೋಕ್ಕೆ ಎಂಟುನೂರು ನಾಣ್ಯ. ಗದ್ಯಾಣದ ಗತಿ ಹೀಗಾಯಿತು!

ಇನ್ನು ನನ್ನ ಕಥೆ. 2019ರಲ್ಲಿ ನಿವೃತ್ತನಾದ ಮೇಲೆ ನಾನೂ ನಾಣ್ಯ ಕೂಡಿಸತೊಡಗಿದೆ. ಎಲ್ಲ ಹೊಸಬರಂತೆ ಮೊದಲು ಎರಡು ಕಿಲೋ ಚಿಲ್ಲರೆಯನ್ನು ತೂಕದ ಮೇಲೆ ತಂದೆ. ರಾತ್ರಿ ಭೂತಗನ್ನಡಿ ಹಿಡಿದು ಇಸವಿಯ ಕೆಳಗಿನ ಗುರುತು ನೋಡುವುದು, ವಜ್ರವಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. 1985ರ ಒಂದು ರೂಪಾಯಿಯ ಮೇಲೆ ಪುಟ್ಟ 'ಎಚ್' ಅಕ್ಷರ ಕಂಡ ರಾತ್ರಿ ನಿದ್ದೆಯೇ ಬರಲಿಲ್ಲ. ಆ ವರ್ಷ ನಮ್ಮ ಟಂಕಸಾಲೆಗಳಿಗೆ ಸಾಲದೆ ಪರದೇಶದಲ್ಲಿಯೂ ಅಚ್ಚು ಹಾಕಿಸಿದ್ದರು, ಇದು ಬರ್ಮಿಂಗ್‌ಹ್ಯಾಮಿನದು. ಅದೂ ಸಾಮಾನ್ಯವೇ ಎಂದು ಆಮೇಲೆ ತಿಳಿಯಿತು, ನಿದ್ದೆಗೆಟ್ಟದ್ದಕ್ಕೆ ಬೇಸರವಿಲ್ಲ. ಆದರೆ ಒಂದೊಂದು ನಾಣ್ಯ ಇಪ್ಪತ್ತು-ಮೂವತ್ತು ಪ್ರತಿ ಉಳಿದವು. ಹೆಚ್ಚಿನದನ್ನು ಮಾರಿ ಬೇಕಾದದ್ದನ್ನು ಕೊಳ್ಳೋಣ ಎಂಬ ಯೋಚನೆ ಪ್ರತಿಯೊಬ್ಬ ಹೊಸಬನಿಗೂ ಬರುತ್ತದೆ, ನನಗೂ ಬಂದಿತು.

ಧಾರವಾಡದ ಒಂದು ಹವ್ಯಾಸಿ ಪ್ರದರ್ಶನದಲ್ಲಿ ಮೇಜು ಹಾಕಿ ಕುಳಿತೆ. ಆರೇಳನೆಯ ತರಗತಿಯ ಹುಡುಗನೊಬ್ಬ ಬಂದು, 1972ರ ಸ್ವಾತಂತ್ರ್ಯ ಬೆಳ್ಳಿಹಬ್ಬದ ಎಂಟಾಣೆಯನ್ನು ಎತ್ತಿ ಹಿಡಿದು, "ಅಜ್ಜಾರ, ಇದು ಸಿಗೂದಿಲ್ಲೇನ್ರಿ?" ಎಂದು ಕೇಳಿದನು. "ಅಪರೂಪದ್ದು" ಎಂದೆ. ಎಂಬತ್ತು ರೂಪಾಯಿ ಕೊಟ್ಟು ಒಯ್ದನು. ಮರುದಿನ ಅದೇ ಪ್ರದರ್ಶನದ ಇನ್ನೊಂದು ಮೇಜಿನ ಮೇಲೆ ಅದೇ ನಾಣ್ಯ ಬುಟ್ಟಿಯಲ್ಲಿ ಹತ್ತು ರೂಪಾಯಿಗೊಂದರಂತೆ ಬಿದ್ದಿತ್ತು. ಆ ಹುಡುಗ ಮತ್ತೆ ಕಣ್ಣಿಗೆ ಬೀಳಲಿಲ್ಲ, ಹೆಸರನ್ನೂ ಕೇಳಿರಲಿಲ್ಲ. ನಾನು ಸುಳ್ಳು ಹೇಳಲಿಲ್ಲ, ಅಪರೂಪವೆಂದೇ ತಿಳಿದಿದ್ದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆದರೆ ವಿಚಾರಿಸದೆ ಹೇಳಿದ ಮಾತಿಗೆ ಎಪ್ಪತ್ತು ರೂಪಾಯಿ ಹೆಚ್ಚು ತೆಗೆದುಕೊಂಡದ್ದಂತೂ ನಿಜ.

ಈ ವಿಷಯದಲ್ಲಿ ನನ್ನ ಬೆಳಗಿನ ತಿರುಗಾಟದ ಗೆಳೆಯರಲ್ಲಿ ಎರಡು ಪಕ್ಷಗಳಿವೆ. ಒಬ್ಬರು, "ಮಾರುವುದಾದರೆ ಕೂಡಿಸುವುದೇಕೆ? ಹವ್ಯಾಸಕ್ಕೆ ಅಂಗಡಿ ಹಚ್ಚಬಾರದು" ಎನ್ನುತ್ತಾರೆ. ಇನ್ನೊಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿಗಳು, "ಕೊಳ್ಳುವವನಿಗೆ ಕಣ್ಣಿಲ್ಲವೇ? ಅವನು ಒಪ್ಪಿ ಕೊಟ್ಟ ಮೇಲೆ ಅದೇ ಬೆಲೆ" ಎನ್ನುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಮೊದಲನೆಯವರಿಗೆ ನನ್ನ ಉತ್ತರ ಸುಲಭ: ಮಾರಲು ಕುಳಿತಾಗಲೇ ನನಗೆ ನಾಣ್ಯದ ನಿಜವಾದ ಬೆಲೆ ತಿಳಿದದ್ದು. ಕೊಳ್ಳುವಾಗ ಪ್ರತಿಯೊಂದೂ ಮುತ್ತು, ಮಾರುವಾಗ ಜೋಳ ಎಷ್ಟು, ಕಲ್ಲು ಎಷ್ಟು ಎಂಬುದು ಕಾಣುತ್ತದೆ. ಹೊಸಬನು ಬೇಗ ಮಾರಿ ನೋಡುವುದು ಒಳ್ಳೆಯದು, ಮುಂದೆ ದೊಡ್ಡ ಮೊತ್ತ ಕಳೆದುಕೊಳ್ಳುವುದು ತಪ್ಪುತ್ತದೆ.

ಬ್ಯಾಂಕಿನ ಗೆಳೆಯರ ಮಾತು ಹೆಚ್ಚು ಅಪಾಯದ್ದು. ಬಲ್ಲವನು ಸವೆದ ಎಂಟಾಣೆಗೆ ಎಂದೂ ಎಂಬತ್ತು ರೂಪಾಯಿ ಕೊಡುವುದಿಲ್ಲ. ಹಾಗಾದರೆ ಕೊಡುವವರು ಯಾರು? ಮಕ್ಕಳು, ಇಲ್ಲವೆ ನಿನ್ನೆ ಮೊನ್ನೆ ಹವ್ಯಾಸ ಹಿಡಿದವರು. ಸಾಮಾನ್ಯ ನಾಣ್ಯವನ್ನು ಹೆಚ್ಚಿನ ಬೆಲೆಗೆ ಮಾರುವವನು ತನಗಿಂತ ಎಳೆಯ ಹೊಸಬನನ್ನು ಹುಡುಕಲೇಬೇಕು, ಅವನು ಇನ್ನೊಬ್ಬನನ್ನು. ಕೊನೆಗೆ ಆ ಸರಪಳಿಯ ತುದಿಯಲ್ಲಿ ಹಳೇ ಹುಬ್ಬಳ್ಳಿಯ ಗಿರಣಿಯವನು 12,400 ಹೊಂದಿಸಲು ಕೈಗಡ ಕೇಳುತ್ತ ನಿಂತಿರುತ್ತಾನೆ. ಫೋನಿನವನು ನಮ್ಮಿಂದ ಬಹಳ ದೂರದವನಲ್ಲ, "ಅಪರೂಪ" ಎಂಬ ಅದೇ ಶಬ್ದವನ್ನು ನಮಗಿಂತ ಧೈರ್ಯವಾಗಿ ಬಳಸಿದನು.

ಆದ್ದರಿಂದ ಮಾರಿರಿ, ಆದರೆ ಸಾಮಾನ್ಯವನ್ನು ಸಾಮಾನ್ಯವೆಂದು ಹೇಳಿ ಮಾರಿರಿ. ಎರಡೂ ಮುಖ ತೋರಿಸಿರಿ, ಗೀರು-ಗಾಯ ಮುಚ್ಚಬೇಡಿರಿ. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ಹೊಳಪು ಬರಿಸುವುದಂತೂ ಬೇಡವೇ ಬೇಡ. ಅದು ದೇವರ ಸಾಮಾನಿಗೆ ಸರಿ; ತಿಕ್ಕಿದ ನಾಣ್ಯವನ್ನು ಬಲ್ಲವರು ಮುಟ್ಟುವುದಿಲ್ಲ. ಒಂದೊಂದೇ ನಾಣ್ಯವನ್ನು ಅಂಚೆಯಲ್ಲಿ ಕಳಿಸಲು ಹೋದರೆ ಚಾರಾಣೆ ಕೋಳಿಗೆ ಬಾರಾಣೆ ಮಸಾಲೆ. ನಮ್ಮ ಲೆಕ್ಕದಲ್ಲಿ ಅದು ಅಕ್ಷರಶಃ ಚಾರಾಣೆಯೇ!

ಸವೆದ ನಾಣ್ಯ ಕಸವೆಂದು ಮಾತ್ರ ನಾನು ಒಪ್ಪುವುದಿಲ್ಲ. ಪುಣೆಯಲ್ಲಿದ್ದ ಗಣಿತಜ್ಞ ಡಿ.ಡಿ. ಕೊಸಾಂಬಿಯವರು 1940ರ ದಶಕದಲ್ಲಿ ಚಲಾವಣೆಯಲ್ಲಿದ್ದ ಸಾವಿರಾರು ಸಾಮಾನ್ಯ ನಾಣ್ಯಗಳನ್ನು ಒಂದೊಂದಾಗಿ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿದರು. ವರ್ಷ ಕಳೆದಂತೆ ನಾಣ್ಯ ಎಷ್ಟು ಸವೆಯುತ್ತದೆ ಎಂಬುದನ್ನು ಲೆಕ್ಕ ಹಾಕಿ, ಆ ಲೆಕ್ಕವನ್ನು ತಕ್ಷಶಿಲೆಯಲ್ಲಿ ಸಿಕ್ಕ ಪ್ರಾಚೀನ ಬೆಳ್ಳಿಯ ಮುದ್ರಾಂಕಿತ ನಾಣ್ಯಗಳಿಗೆ ಹಚ್ಚಿ, ಯಾವುದು ಹೆಚ್ಚು ಕಾಲ ಪೇಟೆ ತಿರುಗಿದೆ, ಯಾವುದು ಮೊದಲಿನದು, ಯಾವುದು ಆಮೇಲಿನದು ಎಂದು ವಿಂಗಡಿಸಿದರು. ಸಂಗ್ರಾಹಕನು ಯಾವ ಸವೆತಕ್ಕಾಗಿ ನಾಣ್ಯವನ್ನು ತೆಗೆದೊಗೆಯುತ್ತಾನೋ ಆ ಸವೆತವನ್ನೇ ಅವರು ಓದಿದರು. ಈ ಪಾಠವನ್ನು ಮೂವತ್ತೈದು ವರ್ಷಗಳ ನೌಕರಿಯಲ್ಲಿ ನಾನು ಒಮ್ಮೆಯೂ ಮಾಡಲಿಲ್ಲ. ತಕ್ಕಡಿ ನಮ್ಮ ವಿಜ್ಞಾನ ಪ್ರಯೋಗಾಲಯದಲ್ಲಿಯೇ ಇತ್ತು, ನಾಣ್ಯ ಮಕ್ಕಳ ಜೇಬಿನಲ್ಲಿತ್ತು.

ಅದನ್ನೇ ನೆನೆದು ಡಬ್ಬಿಗೆ ಒಂದು ದಾರಿ ಮಾಡಿದೆವು. ಮೂರು ಪೈಸೆಯವು ಐವತ್ತೆರಡು ಇದ್ದವು, ಅದರಲ್ಲಿ ಏಳು ತೀರ ಹಾಳಾಗಿದ್ದವು. ಉಳಿದ ನಲವತ್ತೈದನ್ನು ಹಿಡಿದು ಒಂದು, ಎರಡು, ಮೂರು, ಐದು, ಹತ್ತು, ಇಪ್ಪತ್ತು ಪೈಸೆಗಳ ನಲವತ್ತೈದು ಜೋಡಣೆಗಳು. ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದಕ್ಕೆ ಅಂಟಿಸಿದೆವು, ನಮ್ಮ ಮನೆಯಲ್ಲಿ ಅವಕ್ಕೇನು ಕೊರತೆ? ಬೆಲೆ ಐವತ್ತು ರೂಪಾಯಿ. ಅವನ ಮಗಳು ದುಂಡಗೆ ಬರೆಯುತ್ತಾಳೆ, ಪ್ರತಿಯೊಂದರ ಕೆಳಗೆ, "ಚಲಾವಣೆಯಲ್ಲಿ ಸವೆದವು. ಸಾಮಾನ್ಯ ನಾಣ್ಯಗಳು. ಬೆಲೆ ಏರುತ್ತದೆಂದು ಕೊಳ್ಳಬೇಡಿ" ಎಂದು ಬರೆದಳು. ಕೊನೆಯ ವಾಕ್ಯ ಅವಳದೇ. ಅದನ್ನು ಹಾಕಿದರೆ ಯಾರು ಕೊಳ್ಳುತ್ತಾರೆಂದು ಅವಳ ತಂದೆ ತಕರಾರು ಮಾಡಿದನು, ಅವಳು ಕೇಳಲಿಲ್ಲ.

ಪರಿಚಯದ ಶಿಕ್ಷಕರ ಮೂಲಕ ಎರಡು ಶಾಲೆಗಳಿಗೆ ತೋರಿಸಿದೆವು. ಈವರೆಗೆ ಇಪ್ಪತ್ತೆಂಟು ಹೋಗಿವೆ, 1,400 ರೂಪಾಯಿ ಬಂದಿದೆ. ಕಮಲದ ಚಿತ್ರವಿರುವ, 1968ರಿಂದ 71ರವರೆಗಿನ ಹಳದಿ ಇಪ್ಪತ್ತು ಪೈಸೆ ಮೂವತ್ತೇಳು ಇದ್ದವು. ಅವುಗಳಲ್ಲಿ ಬಂಗಾರವಿದೆಯೆಂದು ನಮ್ಮ ಅವ್ವ ನಂಬಿದ್ದಳು, ಬಂಗಾರವೇನೂ ಇಲ್ಲ. ಲಕ್ಷ್ಮೀಪೂಜೆಗೆ ನೂರೆಂಟು ಕೂಡಿಸುತ್ತಿದ್ದ ಮಾಳಮಡ್ಡಿಯ ಒಂದು ಮನೆಯವರು, ಅದನ್ನು ತಿಳಿದೇ, ತಲಾ ಹನ್ನೆರಡರಂತೆ ಕೊಂಡರು. ಅದು 444. ಒಟ್ಟು 1,844.

"ಇನ್ನ ಆರು ರೂಪಾಯಿ ಬಂದ್ರ ಆ ಫೋನಿನವನ ರೊಕ್ಕ ತೀರತೈತ್ರಿ ಸರ" ಎಂದು ನಕ್ಕನು. ನನಗೆ ನಗು ಬರಲಿಲ್ಲ. ಫೀಯನ್ನು ಪತ್ತಿನ ಸಂಘದಲ್ಲಿ ಸಾಲ ತೆಗೆದು ತುಂಬಿದ್ದಾನೆ. ಹದಿನೇಳು ಜೋಡಣೆಗಳು ನನ್ನ ಕಪಾಟಿನಲ್ಲಿವೆ. ಬೇಕಾದವರು ಧಾರವಾಡಕ್ಕೆ ಬಂದಾಗ ಮನೆಗೆ ಬಂದು ನೋಡಿ ಒಯ್ಯಬಹುದು, ಕೆಳಗೆ ಬರೆದದ್ದನ್ನು ಮೊದಲು ಓದಿಕೊಂಡು.